ಬಿಲ್ ಇಳಿಯಬೇಕಾದರೆ ಫ್ಯಾನ್ ಕಡೆ ನೋಡಿ

ಮಾನ್ಯರೇ,

ಕರೆಂಟ್ ಬಿಲ್ ಜಾಸ್ತಿ ಬಂದರೆ ಎಲ್ಲರೂ ಎಸಿಯನ್ನೇ ಬೈಯುತ್ತಾರೆ. ಕರಾವಳಿಯ ಸೆಕೆಗೆ ಹಗಲು ರಾತ್ರಿ ತಿರುಗುವ ಫ್ಯಾನಿನ ಲೆಕ್ಕ ಯಾರೂ ಹಾಕುವುದಿಲ್ಲ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ ಹತ್ತಿರ ಹತ್ತಿರ 34 ಯೂನಿಟ್. ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಆದರೆ 30 ವ್ಯಾಟ್ ಆಸುಪಾಸು, 14 ಯೂನಿಟ್ ಒಳಗೆ ಮುಗಿಯುತ್ತದೆ. ಅಷ್ಟೇ ಹೊತ್ತು ಓಡುವ ನಾಲ್ಕು ಫ್ಯಾನ್ ಇದ್ದರೆ 80 ಯೂನಿಟ್ ಉಳಿಯಿತು, ಅಲ್ವಾ? ಬೆಲೆ ಜಾಸ್ತಿ, ನಿಜ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಾಗಿಲ್ಲ. ಮಲಗುವ ಕೋಣೆಯದ್ದು ಮೊದಲು ಆಗಲಿ.

'ನಮಗೆ ಗೃಹಜ್ಯೋತಿ ಇದೆ, ಚಿಂತೆ ಯಾಕೆ' ಎನ್ನುವವರೂ ಇದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು ಎನ್ನುವುದು ಅವರಿಗೆ ನೆನಪಿರಲಿ.

ಇನ್ನು ತಾರಸಿ. ಹಂಚಿನ ಮಾಡು ಬಿಟ್ಟು ಕಾಂಕ್ರೀಟಿಗೆ ಬಂದವರು ನಾವು. ಮಧ್ಯಾಹ್ನ ಕಾದ ಸ್ಲ್ಯಾಬ್ ರಾತ್ರಿಯವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ಮಳೆಗೆಂದು ಮೇಲೆ ಹಾಕಿಸುವ ಶೀಟು ಬಿಸಿಲನ್ನೂ ತಡೆಯುತ್ತದೆ, ಬದಿಗಳನ್ನು ಮುಚ್ಚದೆ ಗಾಳಿಯಾಡಲು ಬಿಟ್ಟರೆ. ಶೀಟು ಇಲ್ಲದವರು ಬಿಳಿ ಸುಣ್ಣ ಬಳಿದರೂ ಸೆಕೆ ಕಡಿಮೆಯಾಗುತ್ತದೆ. ನಮ್ಮ ಮಳೆಗೆ ಅದು ನಿಲ್ಲುವುದಿಲ್ಲ, ವರ್ಷವೂ ಬಳಿಯಬೇಕು ಅಷ್ಟೇ.

ಮೆಸ್ಕಾಂನವರು ಬಿಲ್ಲಿನ ಹಿಂಬದಿಯಲ್ಲಿ ಇಂಥ ಲೆಕ್ಕವನ್ನು ಅಚ್ಚು ಹಾಕಿಸಲಿ. ಬೇಸಿಗೆ ಮುಗಿದ ಮೇಲಲ್ಲ, ಫೆಬ್ರವರಿಯಲ್ಲೇ.

ಓದುಗರೊಬ್ಬರು, ಕದ್ರಿ, ಮಂಗಳೂರು