ಬೆವರಿಗೂ ಒಂದು ಲೆಕ್ಕ ಬೇಡವೇ?

ಮಾನ್ಯರೇ,

2024 ದಾಖಲೆಯಲ್ಲೇ ಅತ್ಯಂತ ಬಿಸಿಯಾದ ವರ್ಷ. ಕೈಗಾರಿಕಾ ಯುಗಕ್ಕೂ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಇಂಥ ಸುದ್ದಿಗೆ ಒಂದೇ ದಿನದ ಆಯಸ್ಸು. ಮರುದಿನ ಯಾರೋ ನಾಯಕರ ಬೈಗುಳ ಅದನ್ನು ನುಂಗಿ ಹಾಕುತ್ತದೆ.

ಬಿಸಿಲು ಎಲ್ಲರಿಗೂ ಒಂದೇ ಅನ್ನುತ್ತಾರೆ. ಶುದ್ಧ ಸುಳ್ಳು. ಗಾಳಿಯಲ್ಲಿ ತೇವ ಹೆಚ್ಚಿದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ತಾರಸಿ ಮೇಲೆ ಕಾಂಕ್ರೀಟ್ ಹೊರುವವರು ತಲೆಗೆ ಸುತ್ತಿಕೊಂಡ ಒದ್ದೆ ಬಟ್ಟೆಯೂ ಆಗ ನೆಪಮಾತ್ರಕ್ಕೆ. ತಲೆ ಸುತ್ತಿತೆಂದು ಅರ್ಧ ದಿನ ನೆರಳಲ್ಲಿ ಕೂತರೆ ಅರ್ಧ ದಿನದ ಕೂಲಿ ಖೋತಾ.

ಇಂಥ ಬಿಸಿ ತರುವ ಹವಾಮಾನ ಬದಲಾವಣೆಯನ್ನು ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅದು ಈಡೇರಿದ್ದು 2022ರಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ! (ಬೆಂಕಿ ಬಿದ್ದ ಮನೆಯವರಿಗೆ ನೀರನ್ನು ಕಡ ಕೊಟ್ಟ ಹಾಗೆ.) 2024ರ ಬಾಕು ಹವಾಮಾನ ಸಮ್ಮೇಳನದ ಹೊಸ ಗುರಿ ವರ್ಷಕ್ಕೆ 30,000 ಕೋಟಿ ಡಾಲರ್, ಅದಕ್ಕೂ 2035ರವರೆಗೆ ಕಾಯಬೇಕು.

ಬಿಸಿಗಾಳಿಯ ದಿನಗಳಲ್ಲಿ ಕೂಲಿ ಸಹಿತ ಬಿಡುವು ಕೊಡಿಸುವ ಭರವಸೆ ಪ್ರಣಾಳಿಕೆಗಳಲ್ಲಿ ಕಾಣುವುದೇ ಅಪರೂಪ. ಮುಂದಿನ ಸಲ ಮತ ಕೇಳುವವರು ಸುಡುಬಿಸಿಲಿನ ಮಧ್ಯಾಹ್ನ ಎರಡು ಗಂಟೆಗೇ ಬರಲಿ, ಆ ತಾರಸಿಯ ಮೇಲೇ ಮಾತಾಡೋಣ.

— ಒಬ್ಬ ಓದುಗ