ಎಂಟನೇ ತರಗತಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನನ್ನು ಹೋಬಳಿಯ ಸರ್ಕಾರಿ ಪ್ರೌಢಶಾಲೆಗೆ ಸೇರಿಸಿದ್ದು ಊರಿನಲ್ಲಿ ಕೆಲವರಿಗೆ ಅಚ್ಚರಿಯಾಗಿದೆಯೆಂದು ಅಜ್ಜಿ ಫೋನಿನಲ್ಲಿ ಹೇಳಿದರು. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ಸಂಬಳ ಪಡೆಯುವ ನಾನು ನನ್ನ ಮಗಳನ್ನು ಬೇರೆಡೆ ಸೇರಿಸಿ, ದಾಖಲಾತಿ ಆಂದೋಲನದ ದಿನ ಮನೆಮನೆಗೆ ಹೋಗಿ ‘ನಿಮ್ಮ ಮಕ್ಕಳನ್ನು ನಮ್ಮ ಶಾಲೆಗೆ ಕಳಿಸಿ’ ಎಂದು ಯಾವ ಮುಖ ಹೊತ್ತು ಕೇಳಲಿ? ಆ ಮಾತು ಹಾಗಿರಲಿ. ಮೂರು ವರ್ಷಗಳ ಪ್ರೌಢಶಾಲೆಯನ್ನು ನಾವು ದೊಡ್ಡವರೆಲ್ಲ ಸೇರಿ ಹತ್ತನೇ ತರಗತಿಯೆಂಬ ಒಂದೇ ವರ್ಷದ ಶಾಲೆಯಾಗಿ ಮಾಡಿಬಿಟ್ಟಿದ್ದೇವೆ. ಮೊದಲ ಎರಡು ವರ್ಷಗಳು ನಿನ್ನ ಕೈಜಾರಬಾರದೆಂದು ಈ ಪತ್ರ.

ಹೋದ ವಾರವೇ ನೀನು ಗಮನಿಸಿರಬೇಕು. ಬೆಳಗಿನ ವಿಶೇಷ ತರಗತಿ ಹತ್ತನೆಯವರಿಗೆ, ಸಂಜೆಯ ಗುಂಪು ಅಧ್ಯಯನ ಹತ್ತನೆಯವರಿಗೆ, ಪಾಲಕರ ಸಭೆಯ ಮುಕ್ಕಾಲು ಮಾತು ಹತ್ತನೆಯವರದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಮೇಲೆಯೇ ಮೇಲಿನವರು ಶಾಲೆಯನ್ನು ಅಳೆಯುವಾಗ ಶಿಕ್ಷಕರನ್ನು ದೂರಿ ಫಲವಿಲ್ಲ. ನಾನೂ ಅದೇ ಓಟದಲ್ಲಿ ಇದ್ದೇನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ ವರ್ಷ ರಾಜ್ಯದ ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಎಲ್ಲರೂ ಕ್ಯಾಮೆರಾದ ಬಗ್ಗೆ ಮಾತಾಡಿದರು. ನನಗೆ ನೆನಪಾದದ್ದು ನಮ್ಮ ಎಂಟನೇ ತರಗತಿಯ ಕೋಣೆ.

ಏಕೆಂದರೆ ಹತ್ತನೆಯಲ್ಲಿ ವರ್ಗ ಸಮೀಕರಣದ ಪಾಠಕ್ಕೆ ಬಂದಾಗ ಪ್ರತಿ ವರ್ಷ ಒಂದೇ ಕಡೆ ಮಕ್ಕಳು ನಿಲ್ಲುತ್ತಾರೆ. ‘ಕೂಡಿದರೆ 5, ಗುಣಿಸಿದರೆ 6 ಬರುವ ಎರಡು ಸಂಖ್ಯೆ ಯಾವುವು?’ ಎಂದರೆ ಎರಡು ಬೆಂಚಿನವರು ಹೇಳುತ್ತಾರೆ, ಉಳಿದವರು ಪುಸ್ತಕದೊಳಗೆ ಮುಖ ಇಡುತ್ತಾರೆ. ಅದು ಎಂಟನೇ ತರಗತಿಯ ಅಪವರ್ತನದ ಲೆಕ್ಕ. ಆಗ ಅರ್ಥವಾಗದೆ ಉಳಿದದ್ದನ್ನು ಎರಡು ವರ್ಷದ ಮೇಲೆ ಬೆಳಗಿನ ಏಳೂವರೆಯ ವಿಶೇಷ ತರಗತಿಯಲ್ಲಿ, ಹೊಟ್ಟೆಗೆ ಏನೂ ತಿನ್ನದೆ ಬಂದ ಮಕ್ಕಳಿಗೆ ತುಂಬಲು ಹೊರಡುವುದು ಕಷ್ಟದ ಕೆಲಸ. ಆದ್ದರಿಂದ ಈಗ ನಡೆಯುತ್ತಿರುವ ಸೇತುಬಂಧದ ದಿನಗಳನ್ನು ‘ಪಾಠ ಇನ್ನೂ ಶುರುವಾಗಿಲ್ಲ’ ಎಂದು ಕಳೆಯಬೇಡ. ಏಳನೆಯದರಲ್ಲಿ ಬಾರದ್ದನ್ನು ಸಂಕೋಚವಿಲ್ಲದೆ ಕೇಳಲು ಇಲಾಖೆಯೇ ಕೊಟ್ಟ ಸಮಯ ಅದು.

ಗ್ರಂಥಾಲಯವೆಂದರೆ ನಿಮ್ಮ ಶಾಲೆಯಲ್ಲೂ ಮುಖ್ಯ ಶಿಕ್ಷಕರ ಕೋಣೆಯ ಬೀರುವೇ ಇರಬೇಕು. ಮಕ್ಕಳು ಹರಿದುಹಾಕುತ್ತಾರೆ, ಲೆಕ್ಕ ಕೊಡುವವರು ಯಾರು ಎಂಬ ಭಯಕ್ಕೆ ಅದು ಬೀಗ ಹಾಕಿಕೊಂಡೇ ಇರುತ್ತದೆ. ನಿಮ್ಮ ಕನ್ನಡ ಶಿಕ್ಷಕರ ಬಳಿ ಹೋಗಿ, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ರಿಜಿಸ್ಟರು ನೀವೇ ಬರೆಯುತ್ತೀರೆಂದು ಹೇಳಿ ನೋಡು. ಬರೆಯುವ ಕೆಲಸ ತಪ್ಪಿತೆಂದರೆ ಬೀಗದ ಕೈ ಬೇಗ ಸಿಗುತ್ತದೆ. ಸೂಕ್ಷ್ಮದರ್ಶಕವನ್ನೂ ಹಾಗೆಯೇ ಕೇಳಿ ಇಳಿಸಿಕೊಳ್ಳಬೇಕು. ಈರುಳ್ಳಿ ಪೊರೆಯ ಕೋಶಗಳನ್ನು ಚಿತ್ರದಲ್ಲಿ ನೋಡಿದವಳಿಗೂ ಕಣ್ಣಾರೆ ಕಂಡವಳಿಗೂ ಪಾಠ ಒಂದೇ ರೀತಿ ಉಳಿಯುವುದಿಲ್ಲ.

ಶಾಲಾ ಸಂಸತ್ತಿನ ಚುನಾವಣೆ ಇನ್ನೇನು ಬರುತ್ತದೆ. ನಾಮಪತ್ರ, ಚಿಹ್ನೆ, ಮುಚ್ಚಿದ ಮತಪೆಟ್ಟಿಗೆ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು, ಎಲ್ಲವೂ ಇರುತ್ತದೆ. ಆದರೆ ಫಲಿತಾಂಶದ ನಂತರ ಖಾತೆ ಹಂಚುವಾಗ ಹುಡುಗಿಯರಿಗೆ ಸ್ವಚ್ಛತೆ ಮತ್ತು ಸಾಂಸ್ಕೃತಿಕ ಖಾತೆ, ಹುಡುಗರಿಗೆ ಮುಖ್ಯಮಂತ್ರಿ ಪಟ್ಟ ಮತ್ತು ಕ್ರೀಡೆ ಎಂಬುದು ಯಾರೂ ಬರೆಯದ ಕಾನೂನಿನಂತೆ ನಡೆದುಬಂದಿದೆ. ಎಂಟನೆಯವಳು ಸೋಲುವುದೇ ಹೆಚ್ಚು, ಆದರೂ ನಿಲ್ಲು. ಇಡೀ ಶಾಲೆಯ ಎದುರು ಎರಡು ನಿಮಿಷ ಮಾತಾಡಿದವಳಿಗೆ ಪ್ರತಿಭಾ ಕಾರಂಜಿಯ ಆಶುಭಾಷಣಕ್ಕೆ ಬೇರೆ ತಯಾರಿ ಬೇಕಿಲ್ಲ. ಆಟದ ವಿಷಯ ನಾನು ಹೇಳಬೇಕಾಗಿಲ್ಲ. ಖೊಖೊ ಮೈದಾನದಿಂದ ನಿನ್ನನ್ನು ಕರೆತರುವುದೇ ಅಜ್ಜಿಗೆ ಕಷ್ಟ.

ಮಧ್ಯಾಹ್ನ ಮನೆಯ ಡಬ್ಬಿ ಒಯ್ಯಬೇಡ. ನಾನು ಓದುವಾಗ ಪ್ರೌಢಶಾಲೆಯಲ್ಲಿ ಬಿಸಿಯೂಟ ಇರಲಿಲ್ಲ. 2007-08ರ ಹೊತ್ತಿಗೆ ಅದು ಎಂಟರಿಂದ ಹತ್ತನೇ ತರಗತಿಯವರೆಗೂ ಬಂತು. ಅದಕ್ಕೆ ಮೊದಲು ಡಬ್ಬಿ ತಂದವರು ಒಂದು ಮರದ ಕೆಳಗೆ, ತಾರದವರು ನೀರು ಕುಡಿದು ಮೈದಾನದ ಆ ತುದಿಗೆ. ಆ ವಿಂಗಡಣೆ ಈಗ ಇಲ್ಲ. ಟೀಚರ ಮಗಳ ಡಬ್ಬಿಯಿಂದ ಅದು ಮತ್ತೆ ಶುರುವಾಗುವುದು ನನಗಿಷ್ಟವಿಲ್ಲ. ಸಾಂಬಾರು ತೆಳುವಾಗಿದ್ದರೆ ಎಲ್ಲರ ಜೊತೆ ಕೂತು ಉಣ್ಣು, ಎಲ್ಲರ ಜೊತೆ ಸೇರಿ ಹೇಳು.

ಇನ್ನೊಂದು ಕೆಲಸ. ಎಂಟನೆಯವರಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಬಾರದೆಂಬ ನಿಯಮವಿರುವುದರಿಂದ ಅದು ನಿನಗೆ ಸಲ್ಲುವುದಿಲ್ಲ, ಆದರೆ ನಿನ್ನ ಬೆಂಚಿನ ಗೆಳತಿಯರಿಗೆ ಸಲ್ಲುತ್ತದೆ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಲು ಅವರ ಮನೆಯವರಿಗೆ ಹೇಳು. ಕೊನೆಯ ವಾರದಲ್ಲಿ ಸರ್ವರ್ ಕೈಕೊಡುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು ನನ್ನ ಬಳಿ ಇವೆ, ಅಂಚೆಯಲ್ಲಿ ಕಳಿಸುತ್ತೇನೆ. ದಸರಾ ರಜೆಗೆ ನಾನು ಬಂದಾಗ ಅವರನ್ನೂ ಮನೆಗೆ ಕರೆ, ಎಲ್ಲರೂ ಕೂತು ಲೆಕ್ಕ ಬಿಡಿಸೋಣ.

ಇಂತಿ,
ನಿನ್ನ ಅಮ್ಮ