ಭಾನುವಾರದ ಹರಟೆಗೆ ವಿಷಯ: ಎಪ್ಸಮ್ ಡರ್ಬಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಬಗ್ಗೆ ಮಾತಾಡೋಣ. ಮೂರು ವರ್ಷದ ಕುದುರೆಗಳಿಗೆ ಮಾತ್ರ ಇರುವ ಓಟ ಇದು. ಬರುವ ಮುಂಚೆ ಇಷ್ಟು ಓದಿಕೊಂಡಿರಿ.

ಶುರುವಾಗಿದ್ದು 1780ರಲ್ಲಿ. ಡರ್ಬಿಯ 12ನೇ ಅರ್ಲ್ (ಅರ್ಲ್ ಅಂದ್ರೆ ಬ್ರಿಟನ್ನಿನ ಶ್ರೀಮಂತ ಮನೆತನದವರ ಬಿರುದು) ಮತ್ತು ಸರ್ ಚಾರ್ಲ್ಸ್ ಬನ್ಬರಿ ನಾಣ್ಯ ಚಿಮ್ಮಿಸಿ ಹೆಸರು ತೀರ್ಮಾನಿಸಿದರು ಅಂತ ಒಂದು ಕಥೆ ಇದೆ. ಹೆಸರು ಅರ್ಲ್‌ನದಾಯಿತು. ಮೊದಲ ಓಟ ಗೆದ್ದಿದ್ದು ಮಾತ್ರ ಬನ್ಬರಿಯ ಕುದುರೆ ಡಯೋಮೆಡ್! ಆಗ ದೂರ ಒಂದೇ ಮೈಲಿ. 1784ರಲ್ಲಿ ಒಂದೂವರೆ ಮೈಲಿ ಆಯಿತು. ಎರಡೂ ಮಹಾಯುದ್ಧಗಳ ಕಾಲದಲ್ಲಿ ಓಟ ಎಪ್ಸಮ್ ಬದಲು ನ್ಯೂಮಾರ್ಕೆಟ್ ಅನ್ನೋ ಊರಿನಲ್ಲಿ ನಡೆಯಿತು.

1913ರ ಡರ್ಬಿ ಬಗ್ಗೆ ಜಾಸ್ತಿ ಮಾತಾಡಬೇಕು ಅಂತ ನನ್ನ ಆಸೆ. ಹೆಣ್ಣುಮಕ್ಕಳ ಮತದ ಹಕ್ಕಿಗೆ ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಓಟದ ನಡುವೆಯೇ ಟ್ರ್ಯಾಕಿಗೆ ಇಳಿದರು. ರಾಜ 5ನೇ ಜಾರ್ಜ್‌ನ ಕುದುರೆ ಆನ್ಮರ್ ಅವರಿಗೆ ಡಿಕ್ಕಿ ಹೊಡೆಯಿತು. ನಾಲ್ಕು ದಿನಕ್ಕೆ ತೀರಿಕೊಂಡರು. ಆ ದಿನ ಯಾವ ಕುದುರೆ ಗೆದ್ದಿತು ಅಂತ ಯಾರಿಗೆ ನೆನಪಿದೆ? ಎಮಿಲಿ ಹೆಸರು ಉಳಿದಿದೆ, ಅಲ್ವಾ?

ಆ ಘಟನೆಯ ಹಳೆಯ ವಿಡಿಯೋ ದಯವಿಟ್ಟು ಇಲ್ಲಿ ಹಾಕಬೇಡಿ, ಗುಂಪಿನಲ್ಲಿ ಮಕ್ಕಳಿದ್ದಾರೆ. ಬೆಟ್ಟಿಂಗ್ ಟಿಪ್ಸ್ ಕೂಡ ಬೇಡ. 1981ರಲ್ಲಿ ಹತ್ತು ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಸುಮಾರು ಒಂದು ಕುದುರೆಯ ಉದ್ದ) ಅಂತರದಿಂದ ಗೆದ್ದ ಕುದುರೆ ಶೆರ್ಗರ್ ಬಗ್ಗೆ ಗೊತ್ತಿರುವವರು ಹೇಳೋಕೆ ತಯಾರಾಗಿ ಬನ್ನಿ.